ಒಂದು ಬಸ್ಸು ತಿರುಗುವಷ್ಟು ಜಾಗ

ಅರ್ಜಿಯ ಕೊನೆಯ ಸಾಲು ಹೀಗಿತ್ತು: ‘ಬಸ್ಸು ಊರ ಚಾವಡಿಯ ಮುಂದೆ ಬಂದು ನಿಲ್ಲಬೇಕೆಂದು ಊರಿನ ಸಮಸ್ತರ ಒಪ್ಪಿಗೆ ಇರುತ್ತದೆ.’ ಅದರ ಕೆಳಗೆ ಎರಡು ಹಾಳೆ ತುಂಬ ದಸ್ಕತ್ತು, ಅರ್ಧಕ್ಕರ್ಧ ಹೆಬ್ಬೆಟ್ಟು. ಮೇಲೊಂದು ಚೀಟಿ ಗುಂಡುಪಿನ್ನಿನಲ್ಲಿ ಸಿಕ್ಕಿಸಿತ್ತು. ದೊಡ್ಡವರೊಬ್ಬರ ಕೈಬರಹದಲ್ಲಿ ‘ಶೀಘ್ರ ಕ್ರಮ’ ಎಂದಷ್ಟೇ ಇತ್ತು.

ಎಂಬತ್ತರ ದಶಕದ ಆರಂಭದ ಮಾತು. ರಾಯಚೂರಿನ ಡಿಪೋದಲ್ಲಿ ಹೊಸ ಮಾರ್ಗಗಳ ಸರ್ವೆ ನನ್ನ ಕೆಲಸವಾಗಿತ್ತು. ಯಾವುದಾದರೂ ಊರಿನವರು ಬಸ್ಸು ಕೇಳಿದರೆ, ಹೋಗಿ ದಾರಿ ಅಳೆದು, ಜನ ಎಣಿಸಿ, ನಾಲ್ಕು ಪುಟದ ನಮೂನೆ ತುಂಬಿ ತರಬೇಕು. ಡಿಪೋ ಮ್ಯಾನೇಜರು ಹಳೇ ಮೈಸೂರಿನ ಕಡೆಯವರು, ಸಮಾಧಾನದ ಮನುಷ್ಯ. ಫೈಲು ನನ್ನ ಮುಂದೆ ಇಟ್ಟು, ಇರುವುದು ಒಂದೇ ಬಸ್ಸು, ಅದು ದೇವದುರ್ಗದಿಂದ ಹೊರಟು ಈ ಊರಿನ ಒಳಗೆ ಹೊಕ್ಕು, ತಿರುಗಿ ಬಂದು ಸಿರವಾರದ ಮೇಲೆ ಮಾನ್ವಿಗೆ ಹೋಗುವಂತಿದ್ದರೆ ಕೊಡಬಹುದು, ಹದಿನೈದು ದಿನದಲ್ಲಿ ವರದಿ ಬೇಕು ಎಂದರು.

ಊರಿನ ಹೆಸರು ಇಲ್ಲಿ ಬೇಡ. ದೇವದುರ್ಗ–ಸಿರವಾರ ರಸ್ತೆಯ ಒಂದು ಕ್ರಾಸಿನಿಂದ ಐದು ಮೈಲು ಒಳಗೆ, ಎರೆಭೂಮಿಯ ನಡುವೆ ಇರುವ ಊರು. ಜೀಪಿನ ಡ್ರೈವರ್ ನನಗಿಂತ ಇಪ್ಪತ್ತು ವರ್ಷ ಹಿರಿಯ. ಕಣ್ಣು ಮಂದವಾಯಿತೆಂದು ಬಸ್ಸಿನಿಂದ ಜೀಪಿಗೆ ಹಾಕಿದ್ದರು. ಇಡೀ ಜಿಲ್ಲೆಯ ಹಳ್ಳ, ತಿರುವು, ನಾವು ಸಿಡಿ ಎನ್ನುವ ಸಣ್ಣ ಮೋರಿಸೇತುವೆ ಅವರಿಗೆ ಬಾಯಿಪಾಠ. ಕ್ರಾಸಿನಲ್ಲಿ ಮೀಟರಿನ ಅಂಕಿ ಬರೆದುಕೊಂಡು ಒಳದಾರಿ ಹಿಡಿದೆವು. ಸಿಡಿ ಬಂದಲ್ಲೆಲ್ಲ ಇಳಿದು ಟೇಪು ಹಿಡಿದು ಅಗಲ ಅಳೆದೆವು. ಎರಡು ಕಡೆ ಜಾಲಿಯ ಟೊಂಗೆ ಬಸ್ಸಿನ ಟಾಪಿಗೆ ತಾಗುವಂತಿದ್ದವು, ಬರೆದುಕೊಂಡೆ. ಒಂದು ಹಳ್ಳ ಅಡ್ಡ ಬಂತು. ತಳ ಕಲ್ಲಿನದು, ಮಳೆಗಾಲದಲ್ಲಿ ಮಾತ್ರ ಕೆಲವು ದಿನ ಬಸ್ಸು ನಿಲ್ಲುತ್ತದೆ ಎಂದು ಡ್ರೈವರ್ ಹೇಳಿದ್ದನ್ನೂ ಬರೆದುಕೊಂಡೆ.

ಊರಿಗೆ ಕಾಲಿಡುತ್ತಿದ್ದಂತೆ ಮೊದಲು ಸಿಗುವುದು ಶಾಲೆ. ಅದರ ಮುಂದೆ ದೊಡ್ಡ ಬಯಲು. ಬಯಲಿಗೆ ಹತ್ತಿ ಕೇರಿ. ಅಲ್ಲಿಂದ ದಾರಿ ಸ್ವಲ್ಪ ಏರಿ, ಎರಡು ಸಾಲು ಮನೆಗಳ ನಡುವೆ ಹಾಯ್ದು ಚಾವಡಿಯ ಮುಂದಿನ ಅಂಗಳಕ್ಕೆ ಹೋಗಿ ಮುಗಿಯುತ್ತದೆ.

ಚಾವಡಿಯಲ್ಲಿ ಗೌಡರು ಕಾದು ಕೂತಿದ್ದರು. ಐವತ್ತರ ಆಸುಪಾಸಿನ, ಮೆತ್ತಗೆ ಮಾತಾಡುವ ಮನುಷ್ಯ. ಬಸ್ಸು ಅವರಿಗೆ ಬರೀ ಪ್ರತಿಷ್ಠೆಯ ಮಾತಾಗಿರಲಿಲ್ಲ ಎಂಬುದನ್ನು ಹೇಳಲೇಬೇಕು. ಹಿಂದಿನ ವರ್ಷ ಅವರ ತಮ್ಮ ಎದೆನೋವಿನಿಂದ ಬಂಡಿಯಲ್ಲೇ, ಕ್ರಾಸ್ ಮುಟ್ಟುವ ಮುಂಚೆಯೇ ತೀರಿಕೊಂಡಿದ್ದ. ಅದನ್ನು ಹೇಳುವಾಗ ಅವರು ನನ್ನ ಕಡೆ ನೋಡಲಿಲ್ಲ. ಚಹಾ ಬಂತು, ಪಿಂಗಾಣಿ ಕಪ್ಪಿನಲ್ಲಿ. ಕಪ್ಪು ಕೈಗೆ ಕೊಡುವ ಮುಂಚೆ ಗೌಡರು, ‘ತಾವು ಯಾವ ಪೈಕಿ ಆಗ್ತೀರಿ?’ ಎಂದು ಕೇಳಿದರು.

‘ರಾಯಚೂರವನ್ರಿ’ ಎಂದೆ.

ಅವರು ಕೇಳಿದ್ದು ಊರನ್ನಲ್ಲ ಎಂದು ನನಗೂ ಗೊತ್ತು, ಅವರಿಗೂ ಗೊತ್ತು. ಆದರೆ ಪ್ಯಾಂಟು ಹಾಕಿ ಸರಕಾರಿ ಜೀಪಿನಲ್ಲಿ ಬಂದವನನ್ನು ಎರಡನೇ ಸಲ ಕೇಳುವುದು ಅವರಿಗೆ ಸರಿಕಾಣಲಿಲ್ಲ. ಕಪ್ಪು ಕೈಗೆ ಬಂತು, ಕುಡಿದೆ. ನನ್ನ ಅಪ್ಪ ರಾಯಚೂರಿನ ಹತ್ತಿ ಮಿಲ್ಲಿನಲ್ಲಿ ಹಮಾಲಿ. ನಮ್ಮ ಮನೆ ಇದ್ದದ್ದೂ ಶಾಲೆಯ ಬಯಲಿಗೆ ಹತ್ತಿದಂಥದೇ ಒಂದು ಕೇರಿಯಲ್ಲಿ. ಕೆಲಸಕ್ಕೆ ಸೇರಿದ ಮೇಲೆ ಹಳ್ಳಿಗಳಲ್ಲಿ ‘ರಾಯಚೂರವನ್ರಿ’ ಎಂದು ಹೇಳುವುದು ನನಗೆ ಎಷ್ಟು ರೂಢಿಯಾಗಿತ್ತೆಂದರೆ, ಅದು ಸುಳ್ಳಲ್ಲ ಎಂದು ನನಗೆ ನಾನೇ ಒಪ್ಪಿಸಿಕೊಂಡಿದ್ದೆ.

ಮುಂದಿನ ನಾಲ್ಕು ದಿನ ಕ್ರಾಸಿನ ಬೇವಿನ ಮರದ ಕೆಳಗೆ ಕೂತು ಜನ ಎಣಿಸಿದೆ. ಸಂತೆಯ ದಿನ ಒಂದು, ಸಾದಾ ದಿನ ಮೂರು. ಯಾರು, ಎಲ್ಲಿಗೆ, ಎಷ್ಟು ಸಲ ಎಂದು ಕೇಳಿ ಗೆರೆ ಎಳೆಯುವ ಕೆಲಸ. ಎರಡನೇ ದಿನದ ಹೊತ್ತಿಗೇ ಒಂದು ವಿಷಯ ಸ್ಪಷ್ಟವಾಯಿತು. ಐದು ಮೈಲು ನಡೆದು ಬರುತ್ತಿದ್ದವರಲ್ಲಿ ಮುಕ್ಕಾಲು ಪಾಲು ಕೇರಿಯವರು. ಆಗ ಶಕ್ತಿನಗರದಲ್ಲಿ ವಿದ್ಯುತ್ ಸ್ಥಾವರ ಕಟ್ಟುತ್ತಿದ್ದರು. ಗಂಡಸರು ಸೋಮವಾರ ಬುತ್ತಿ ಕಟ್ಟಿಕೊಂಡು ಗುತ್ತಿಗೆ ಕೆಲಸಕ್ಕೆ ಹೋದರೆ ಶನಿವಾರ ತಿರುಗಿ ಬರುತ್ತಿದ್ದರು. ಉಳಿದವರಲ್ಲಿ ಉಣ್ಣೆ ಮಾರಲು ಹೋಗುವ ಕುರಿಗಾರರು, ಆಸ್ಪತ್ರೆಗೆ ಹೋಗುವ ಹೆಂಗಸರು. ಚಾವಡಿಯ ಸುತ್ತಿನ ಮನೆಗಳವರಿಗೆ ಬಂಡಿ ಇದ್ದವು, ಇಬ್ಬರಿಗೆ ಮೋಟಾರು ಸೈಕಲ್ಲೂ ಇತ್ತು.

ನಮೂನೆಯ ಮೂರನೇ ಪುಟದಲ್ಲಿ ‘ಸ್ಥಳೀಯರ ಅಭಿಪ್ರಾಯ’ ಎಂಬ ಕಾಲಂ. ನಾಲ್ಕು ಬೆರಳು ಅಗಲದ ಜಾಗ. ಸಾಮಾನ್ಯವಾಗಿ ಅದರಲ್ಲಿ ‘ಊರವರೆಲ್ಲ ಒಪ್ಪಿರುತ್ತಾರೆ’ ಎಂದು ಬರೆದು ಮುಗಿಸುತ್ತಿದ್ದೆವು. ಈ ಸಲ ನಾನು ಮನೆಮನೆಗೆ ಹೋದೆ. ಶಾಲೆಯ ಮಾಸ್ತರರು ಬಸ್ಸಿನ ವೇಳೆ ಶಾಲೆಯ ವೇಳೆಗೆ ಹೊಂದಲಿ ಎಂದರು. ಒಬ್ಬ ಕಟ್ಟೆಯ ಮೇಲೆ ಬೀಡಿ ಸೇದುತ್ತ, ಓಟಿನ ಕಾಲಕ್ಕೆ ಜೀಪುಗಳು ಇದೇ ದಾರಿಯಲ್ಲಿ ದಿನಾ ಬರುತ್ತವೆ, ಆಗ ಯಾವ ಹಳ್ಳವೂ ಅಡ್ಡ ಬರುವುದಿಲ್ಲವಲ್ಲ ಎಂದ. ಒಬ್ಬ ಮುದುಕಿ ತನಗೆ ಬಸ್ಸು ಬೇಡವೇ ಬೇಡ, ಬಸ್ಸು ಬಂದರೆ ಸೊಸೆ ತಿಂಗಳಿಗೊಮ್ಮೆ ತವರಿಗೆ ಓಡುತ್ತಾಳೆ ಎಂದಳು. ಎಲ್ಲ ಬರೆದುಕೊಂಡೆ.

ಕೇರಿಗೆ ಹೋದಾಗ ಹಿರಿಯರು ಹೊರಸು ಹಾಕಿ ಕೂಡಿಸಿದರು. ಬಸ್ಸು ಎಲ್ಲಿ ನಿಲ್ಲಬೇಕು ಎಂದು ಕೇಳಿದರೆ, ಎಲ್ಲಿ ನಿಂತರೂ ಸರಿ, ನಾವು ಅಲ್ಲಿಗೆ ಬರುತ್ತೇವೆ ಎಂದು ಒಬ್ಬರಾದ ಮೇಲೆ ಒಬ್ಬರು ಅದೇ ಮಾತು ಹೇಳಿದರು. ಅರ್ಜಿಯಲ್ಲಿ ಹೆಬ್ಬೆಟ್ಟು ಒತ್ತಿದ್ದೇವಲ್ಲ, ಮತ್ತೇನು ಎಂದರು.

ಆಗ ಹಿಂದಿನ ಬಾಗಿಲಲ್ಲಿ ನಿಂತಿದ್ದ ಒಬ್ಬ ಹೆಂಗಸು ಮುಂದೆ ಬಂದಳು. ಮೂವತ್ತೈದರ ವಯಸ್ಸು ಇರಬಹುದು. ಮಾನ್ವಿಯ ಒಂದು ಆಸ್ಪತ್ರೆಯಲ್ಲಿ ಆಯಾ ಆಗಿ ಕೆಲಸ ಮಾಡುತ್ತಿದ್ದಳು. ದಿನಾ ಹೋಗಿಬರುವುದು ಆಗದೆ ವಾರಗಟ್ಟಲೆ ಅಲ್ಲೇ ವರಾಂಡದಲ್ಲಿ ಮಲಗಿ, ಮಕ್ಕಳನ್ನು ನೋಡಲು ರಜೆಗೆ ನಡೆದು ಬರುತ್ತಿದ್ದಳು.

‘ಅವ್ರು ಹೇಳೂದಿಲ್ಲ, ನಾ ಹೇಳ್ತೀನಿ ಬರಕೋರಿ’ ಎಂದಳು. ‘ಚಾವಡಿ ಮುಂದ ಬಸ್ಸು ನಿಂತ್ರ ನಾವು ಹತ್ತೂದಿಲ್ಲ. ಅಲ್ಲಿ ಹಾಯಬೇಕಂದ್ರ ಚಪ್ಪಲಿ ಕೈಯಾಗ ಹಿಡೀಬೇಕು. ನಮ್ಮ ಹೆಣ್ಮಕ್ಕಳು ಆ ಓಣಿಗೆ ಹೋಗೂದೇ ಇಲ್ಲ. ಬಸ್ಸಿನ ಸಲುವಾಗಿ ಹೋಗಿ ನಿಂದ್ರತಾರೇನು? ಇಲ್ಲೇ ಶಾಲಿ ಮುಂದ ಬಯಲದ. ಇಲ್ಲಿ ನಿಂದರ್ಲಿ.’

ಹಿರಿಯರಲ್ಲಿ ಒಬ್ಬರು ಸಣ್ಣ ದನಿಯಲ್ಲಿ, ಸುಮ್ಮನಿರವ್ವಾ ಎಂದರು. ನನ್ನ ಕೈಯಲ್ಲಿ ಪೆನ್ನಿತ್ತು. ಅದುವರೆಗೆ ಸೊಸೆಯ ತವರಿನ ಮಾತನ್ನೂ ಬರೆದುಕೊಂಡಿದ್ದ ನಾನು ಆಗ ಪೆನ್ನಿಗೆ ಕ್ಯಾಪು ಹಾಕಿದೆ. ‘ಆತವ್ವಾ, ನಾ ನೋಡ್ತೀನಿ. ಬಸ್ಸು ಇಲ್ಲೇ ನಿಂದ್ರೂ ಹಂಗ ಮಾಡ್ತೀನಿ’ ಎಂದೆ.

ಯಾಕೆ ಬರೆಯಲಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ. ನಾನು ಅದನ್ನು ಬರೆದಿದ್ದರೆ ಫೈಲು ಮೇಲೆ ಹೋದಾಗ ಯಾರಾದರೊಬ್ಬರು ನನ್ನ ಹೆಸರು ನೋಡಿ, ಇವನು ಯಾರು ಎಂದು ವಿಚಾರಿಸುತ್ತಿದ್ದರು. ತನ್ನವರ ಸಲುವಾಗಿ ಬರೆದಿದ್ದಾನೆ ಎನ್ನುತ್ತಿದ್ದರು. ಅವಳ ಮಾತು ಅಲ್ಲಿಗೆ ಬಿದ್ದುಹೋಗುತ್ತಿತ್ತು, ಜೊತೆಗೆ ನಾನೂ. ಅದಕ್ಕಿಂತ ಯಾರೂ ತಕರಾರು ಮಾಡಲಾಗದ ಕಾರಣವೊಂದನ್ನು ಹುಡುಕುವುದು ಜಾಣತನ ಎಂದುಕೊಂಡೆ.

ಕಾರಣ ಸುಲಭವಾಗಿ ಸಿಕ್ಕಿತು. ಉದ್ದನೆಯ ಬಸ್ಸು ಒಂದೇ ಸುತ್ತಿನಲ್ಲಿ ತಿರುಗಬೇಕಾದರೆ ಸುಮಾರು ಎಪ್ಪತ್ತು ಅಡಿ ಅಗಲದ ಜಾಗ ಬೇಕು. ನಾನೂ ಡ್ರೈವರೂ ಚಾವಡಿಯ ಅಂಗಳದ ನಡುವೆ ಗೂಟ ಹೊಡೆದು, ಹಗ್ಗ ಕಟ್ಟಿ, ಸುಣ್ಣದ ಪುಡಿ ಉದುರಿಸುತ್ತ ವೃತ್ತ ಎಳೆದೆವು. ಮೂರು ಕಡೆ ಸುಣ್ಣ ಬಯಲಲ್ಲೇ ಬಿತ್ತು. ಒಂದು ಮೂಲೆಯಲ್ಲಿ ಮಾತ್ರ ಗೆರೆ ಒಂದು ಕಲ್ಲುಗೋಡೆಯ ಒಳಗೆ ಹೋಗಿಬಿಟ್ಟಿತು. ಅದು ಒಬ್ಬ ಮುದುಕ ಕುರಿಗಾರನ ದೊಡ್ಡಿ. ಗೋಡೆ ಎಂಟು ಹತ್ತು ಅಡಿ ಅಂಗಳದ ಕಡೆಗೆ ಚಾಚಿಕೊಂಡಿತ್ತು. ಮುದುಕ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಾಗಿಲಲ್ಲಿ ನಿಂತು ನಮ್ಮ ಸುಣ್ಣದ ಆಟವನ್ನು ನೋಡುತ್ತಿದ್ದ. ಏನು ಅಳೆಯುತ್ತಿದ್ದೀರಿ ಎಂದು ಕೂಡ ಕೇಳಲಿಲ್ಲ.

ಜೀಪಿಗೆ ಹತ್ತುವಾಗ ಡ್ರೈವರ್ ಹೇಳಿದರು: ‘ಒಂದು ರಿವರ್ಸ್ ಹೊಡದ್ರ ಆರಾಮ ತಿರುಗ್ತದ ಸಾಬ್. ಇದಕ್ಕಿಂತ ಸಣ್ಣ ಜಾಗಾದಾಗ ನಾ ತಿರುಗಿಸೀನಿ.’

ನನಗೂ ಅದು ಗೊತ್ತಿತ್ತು. ಕಂಡಕ್ಟರ್ ಇಳಿದು ಸೀಟಿ ಊದಿದರೆ ಹಿಂದೆ ತೆಗೆದುಕೊಂಡು ತಿರುಗಿಸುವುದು ನಮ್ಮ ಅರ್ಧ ಹಳ್ಳಿಗಳಲ್ಲಿ ನಡೆಯುತ್ತಿತ್ತು. ಆದರೂ ವರದಿಯಲ್ಲಿ ಬರೆದೆ: ‘ಚಾವಡಿಯ ಮುಂದೆ ಬಸ್ಸು ತಿರುಗಲು ಜಾಗ ಸಾಲದು. ಈಶಾನ್ಯ ಮೂಲೆಯಲ್ಲಿ ಕುರಿದೊಡ್ಡಿಯ ಕಲ್ಲುಗೋಡೆ ಅಡ್ಡ ಇದೆ. ಆದ್ದರಿಂದ ಶಾಲೆಯ ಮುಂದಿನ ಬಯಲು ಸೂಕ್ತ.’ ಅಭಿಪ್ರಾಯದ ಕಾಲಮಿನಲ್ಲಿ ಎಂದಿನಂತೆ, ಊರವರೆಲ್ಲ ಒಪ್ಪಿರುತ್ತಾರೆ.

ಮಂಜೂರಾಯಿತು. ಖಾಲಿ ಬಸ್ಸು ತಂದು ಒಂದು ಸಲ ಓಡಿಸಿ ನೋಡಿದೆವು. ಶಾಲೆಯ ಬಯಲಲ್ಲಿ ಅದು ಗಾಣದ ಎತ್ತಿನ ಹಾಗೆ ಸಲೀಸಾಗಿ ತಿರುಗಿತು. ಮರುವಾರದಿಂದ ದಿನಕ್ಕೆ ಎರಡು ಸಲ ಬಸ್ಸು ಶುರುವಾಯಿತು. ಮೊದಲ ದಿನ ನಾನೂ ಹೋಗಿದ್ದೆ. ಮುಂಬದಿಯ ಗಾಜಿಗೆ ಕೇರಿಯ ಹೆಂಗಸರು ಕುಂಕುಮ ಹಚ್ಚಿದರು. ಆಯಾ ಕಿಟಕಿಯ ಪಕ್ಕದ ಸೀಟು ಹಿಡಿದು ಕೂತಿದ್ದಳು. ನನ್ನನ್ನು ನೋಡಿ ತಲೆಯಾಡಿಸಿದಳು. ಚಾವಡಿಯ ಕಡೆಯ ನಾಲ್ಕೈದು ಜನ ಬಯಲಿನ ಇನ್ನೊಂದು ಅಂಚಿಗೆ ನಿಂತು, ಬಸ್ಸು ಹೊರಡುವ ಹೊತ್ತಿಗೆ ಬಂದು ಹತ್ತಿದರು. ಯಾರ ಬಾಯಿಯೂ ಮೇಲಾಗಲಿಲ್ಲ. ಗೆದ್ದೆ ಅನ್ನಿಸಿತು. ಒಂದು ಸಾಲು ಬರೆದು, ಯಾರನ್ನೂ ನೋಯಿಸದೆ ಕೆಲಸ ಸಾಧಿಸಿದೆ ಎಂದು ಹಿಗ್ಗಿದೆ.

ಸುಮಾರು ಒಂದೂವರೆ ತಿಂಗಳು ಕಳೆದಿರಬೇಕು. ಮ್ಯಾನೇಜರು ಕರೆದು ಇನ್ನೊಂದು ಅರ್ಜಿ ಕೊಟ್ಟರು. ಮಂಜೂರಾತಿಯ ಜೊತೆ ಊರಿಗೆ ಹೋಗಿದ್ದ ನನ್ನದೇ ವರದಿಯ ಪ್ರತಿ ಅದಕ್ಕೆ ಲಗತ್ತಾಗಿತ್ತು. ಕಲ್ಲುಗೋಡೆಯ ಸಾಲಿನ ಕೆಳಗೆ ಕೆಂಪು ಗೆರೆ. ಅಡ್ಡ ಇದ್ದ ಗೋಡೆಯನ್ನು ಊರವರೇ ಕೂಡಿ ತೆಗೆದಿದ್ದಾರೆ, ಇಲಾಖೆಯವರು ಬಂದು ಮತ್ತೆ ಅಳತೆ ಮಾಡಿ ಬಸ್ಸನ್ನು ಚಾವಡಿಯವರೆಗೆ ತರಬೇಕು ಎಂದು ಒಕ್ಕಣೆ.

ನಾನು ಕಾರಣ ಎಂದು ಬರೆದದ್ದನ್ನು ಅವರು ಪರಿಹಾರ ಎಂದು ಓದಿಕೊಂಡಿದ್ದರು.

ಹೋದೆವು. ಚಾವಡಿಯ ಅಂಗಳ ಈಗ ವಿಶಾಲವಾಗಿತ್ತು. ಗೋಡೆಯಷ್ಟೇ ಅಲ್ಲ, ದೊಡ್ಡಿಯೇ ಇರಲಿಲ್ಲ. ನೆಲ ಸಮ ಮಾಡಿ ಗರಸು ಹಾಕಿ ನೀರು ಹೊಡೆದು ಗಟ್ಟಿ ಮಾಡಿದ್ದರು. ಗೌಡರು ಕೈಮುಗಿದು ಬಂದು, ‘ನೀವು ಹೇಳಿದ್ದು ಮಾಡೀವ್ರಿ. ಇನ್ನೇನರ ಅಡ್ಡ ಅದ ಅಂದ್ರ ಹೇಳ್ರಿ, ಅದನ್ನೂ ತಗೀತೀವಿ’ ಎಂದರು. ಅದರಲ್ಲಿ ಕೊಂಕು ಇತ್ತೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ತಮ್ಮ ಮನೆಯ ಹೆಣ್ಣುಮಕ್ಕಳು ಶಾಲೆಯ ಬಯಲಲ್ಲಿ ಎಲ್ಲರ ನಡುವೆ ನಿಲ್ಲಬೇಕಾಗಿದೆ, ಅದು ಹೇಗೆ ಸರಿಹೋಗುತ್ತದೆ ನೀವೇ ಹೇಳಿ ಎಂದು ಬಹಳ ಸಂಕೋಚದಿಂದ ಕೇಳಿದರು. ಆಯಾ ಹೇಳಿದ್ದೂ ಇದೇ ಮಾತು, ಇನ್ನೊಂದು ತುದಿಯಿಂದ.

ಟೇಪು ಹಿಡಿದೆವು. ಎಪ್ಪತ್ತನಾಲ್ಕು ಅಡಿ. ಡ್ರೈವರ್ ಅಂಕಿ ಕೂಗಿ ಹೇಳಿ, ಟೇಪು ಸುತ್ತತೊಡಗಿದರು.

ಕುರಿಗಾರನನ್ನು ಕೇಳಿದೆ. ಊರ ಹೊರಗೆ, ಹಳ್ಳದ ದಿಬ್ಬದ ಮೇಲೆ ಮುಳ್ಳುಬೇಲಿ ಹಾಕಿಕೊಂಡಿದ್ದಾನೆ ಎಂದರು. ಒಬ್ಬನೇ ನಡೆದು ಹೋದೆ. ಮುದುಕ ಬೇಲಿಯ ಸಂದಿಗೆ ಜಾಲಿಕಂಟಿ ತುರುಕುತ್ತಿದ್ದ. ಅವನ ಸೊಸೆ ಒಂದು ಮರಿಯ ಕಾಲಿಗೆ ಅರಿಷಿಣ ಮೆತ್ತುತ್ತಿದ್ದಳು. ತೋಳ ಬೇಲಿ ಹಾರಿ ಎರಡು ಮರಿಗಳನ್ನು ಒಯ್ದಿತ್ತು, ಇದೊಂದು ಉಳಿದಿತ್ತು. ಊರ ಕೆಲಸ ಎಂದು ಹಿರಿಯರೆಲ್ಲ ಕೂತು ಹೇಳಿದಾಗ ಇಲ್ಲ ಎನ್ನಲಾಗಲಿಲ್ಲ, ಹೆಬ್ಬೆಟ್ಟು ಒತ್ತಿದೆ ಎಂದು ಮುದುಕ ಹೇಳಿದ. ನಾಲ್ಕು ತಲೆಮಾರಿನ ದೊಡ್ಡಿಯಂತೆ. ಗೌಡರು ನನ್ನ ಕಾಗದವನ್ನು ಎಲ್ಲರ ಮುಂದೆ ಓದಿಸಿದರಂತೆ.

‘ಹೌದೇನ್ರಿ ಸಾಹೇಬ್ರ’ ಎಂದು ಕೇಳಿದ. ಬೈಯುವ ದನಿಯಲ್ಲ, ತಿಳಿದುಕೊಳ್ಳುವ ದನಿ. ‘ಇಡೀ ಊರಾಗ ಬಸ್ಸಿಗೆ ಅಡ್ಡ ಆಗಿದ್ದು ನನ್ನ ದೊಡ್ಡಿ ಒಂದೇನ್ರಿ?’

ಅಲ್ಲ ಎಂದು ಹೇಳಿದ್ದರೆ, ಮತ್ತೆ ಯಾಕೆ ಬರೆದೆ ಎಂದು ಕೇಳುತ್ತಿದ್ದ. ಹೌದು ಎಂದರೆ ಅದು ಇನ್ನೊಂದು ಸುಳ್ಳು. ನಾನು ಬಗ್ಗಿ ಆ ಮರಿಯ ಕಾಲು ನೋಡುವವನಂತೆ ನೋಡಿ, ಎದ್ದು ಬಂದೆ.

ಅಲ್ಲಿಂದ ಶಾಲೆಯ ಕಡೆಗೆ ನಡೆಯುವಾಗ ನನ್ನ ಮುಂದೆ ಇದ್ದದ್ದು ಎರಡೇ ದಾರಿ. ಜಾಗ ಸಾಕು ಎಂದು ಬರೆದರೆ ಬಸ್ಸು ಚಾವಡಿಗೆ ಹೋಗುತ್ತದೆ. ಸಾಲದು ಎನ್ನಲು ಇನ್ನು ಯಾವ ಗೋಡೆಯೂ ಉಳಿದಿಲ್ಲ. ನಿಜವಾದ ಕಾರಣವನ್ನು ಬರೆಯಬೇಕೆಂದರೆ ಅದಕ್ಕೆ ಆಧಾರವಾಗಿ ಒಂದು ಹೇಳಿಕೆ ಬೇಕು, ಅದನ್ನು ನಾನು ಅವತ್ತು ಬರೆದುಕೊಂಡಿರಲಿಲ್ಲ.

ಆಯಾ ಅಂದು ರಜೆಯ ಮೇಲೆ ಮನೆಯಲ್ಲಿದ್ದಳು. ಶಾಲೆಯ ಕಟ್ಟೆಗೆ ಬಂದಳು, ಜೊತೆಗೆ ಕೇರಿಯ ಹಿರಿಯರಿಬ್ಬರು. ಅವತ್ತು ಹೇಳಿದ್ದನ್ನೇ ಇನ್ನೊಮ್ಮೆ ಹೇಳವ್ವಾ, ಈಗ ಬರೆದುಕೊಳ್ಳುತ್ತೇನೆ, ಕೆಳಗೆ ದಸ್ಕತ್ತು ಹಾಕು ಎಂದೆ.

‘ಅವತ್ತ ಯಾಕ ಬರಕೊಳ್ಳಲಿಲ್ರಿ?’ ಎಂದು ಕೇಳಿದಳು.

ಗೋಡೆಯ ಕಾರಣ ಕೊಟ್ಟರೆ ಕೆಲಸ ಸುಸೂತ್ರವಾಗಿ ಆಗುತ್ತದೆ ಎಂದುಕೊಂಡಿದ್ದೆ, ನಿಮ್ಮ ಹೆಸರು ಕಾಗದದಲ್ಲಿ ಬಂದರೆ ನಿಮಗೇ ತೊಂದರೆ ಎಂದು ಸುಮ್ಮನಾದೆ ಎಂದು ಏನೇನೋ ಹೇಳಿದೆ. ಅವಳು ಪೂರ್ತಿ ಕೇಳಿದಳು.

‘ನಮ್ಮ ಆಸ್ಪತ್ರಿಗೆ ನೀರಮಾನ್ವಿ ಹೆಣ್ಮಗಳೊಬ್ಬಾಕಿ ಬರ್ತಾಳ್ರಿ’ ಎಂದಳು. ‘ನಿಮ್ಮ ಅವ್ವನ ತವರಮನಿ ಅಲ್ಲೇ ಅಂತ ಹೇಳಿದ್ಲು. ನೀವು ನಮ್ಮವರೇ ಅಂತ. ಅದನ್ನ ನಾ ಇಲ್ಲಿ ಯಾರಿಗೂ ಹೇಳಿಲ್ಲ. ಆದ್ರ ಒಂದು ಹೇಳ್ರಿ. ನನ್ನ ಹೆಸರು ಬಂದ್ರ ನನಗ ತೊಂದ್ರಿ ಅಂತ ಬಿಟ್ರೋ, ನಿಮ್ಮ ಹೆಸರು ಬರ್ತದ ಅಂತ ಬಿಟ್ರೋ?’

ಹಿರಿಯರಿಬ್ಬರೂ ನನ್ನ ಮುಖ ನೋಡಿದರು. ಹೊರಸಿನ ಮೇಲೆ ಕೂಡಿಸಿ ತಾವು ಕೆಳಗೆ ಕೂತಿದ್ದರಲ್ಲ, ಅದು ಅವರಿಗೂ ಆಗ ನೆನಪಾಗಿರಬೇಕು. ನನಗೆ ಸಿಟ್ಟು ಬಂತು, ನಾಚಿಕೆಯಾದಾಗ ಬರುವಂಥದು. ಜೀಪಿನ ಕಡೆ ಹೋಗಿಬಿಡೋಣ ಅನ್ನಿಸಿತು. ಹೋಗಲಿಲ್ಲ.

‘ನನ್ನ ಹೆಸರು ಬರ್ತದ ಅಂತನ ಬಿಟ್ಟೆ’ ಎಂದೆ.

‘ಹಂಗಾದ್ರ ಮೊದಲು ನಿಮ್ಮದು ಬರೀರಿ’ ಎಂದಳು. ‘ಆಮ್ಯಾಲ ನಾ ಹಾಕ್ತೀನಿ.’

ಶಾಲೆಯ ಕಟ್ಟೆಯ ಮೇಲೆ ಕೂತು, ತೊಡೆಯ ಮೇಲೆ ಫೈಲಿಟ್ಟುಕೊಂಡು ಬರೆದೆ. ಚಾವಡಿಯ ಮುಂದೆ ಒಮ್ಮೆ ಹಿಂದೆ ತೆಗೆದುಕೊಂಡರೆ ಬಸ್ಸು ಮೊದಲೂ ತಿರುಗುತ್ತಿತ್ತು. ಗೋಡೆ ಅಡ್ಡ ಎಂದು ನಾನು ಬರೆದದ್ದು ನಿಜವಾದ ಕಾರಣವಲ್ಲ. ಕೇರಿಯ ಜನ, ಅದರಲ್ಲೂ ಹೆಂಗಸರು, ಚಾವಡಿಯ ಮುಂದೆ ಬಂದು ನಿಲ್ಲಲಾರರು ಎಂಬುದೇ ನಿಜವಾದ ಕಾರಣ. ನಾನೂ ಅಂಥದೇ ಕೇರಿಯವನಾದ್ದರಿಂದ ಇದು ನನಗೆ ಗೊತ್ತಿತ್ತು, ಗೊತ್ತಿದ್ದೂ ಬರೆಯಲಿಲ್ಲ. ನನ್ನ ವರದಿಯಿಂದ ಒಬ್ಬ ಕುರಿಗಾರನ ದೊಡ್ಡಿ ಹೋಗಿದೆ, ಅದಕ್ಕೆ ಪರಿಹಾರ ಕೊಡಬೇಕು. ಈ ಮಾರ್ಗದ ಹೆಚ್ಚಿನ ಪ್ರಯಾಣಿಕರು ಕೇರಿಯವರೇ ಎಂದು ಎಣಿಕೆಯ ಪಟ್ಟಿಯನ್ನೂ ಸೇರಿಸಿದೆ. ಓದಿ ಹೇಳಿದೆ. ಕೆಳಗೆ ಸಹಿ ಮಾಡಿದೆ. ಆಯಾ ತನ್ನ ಹೇಳಿಕೆಯ ಕೆಳಗೆ ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆದಳು. ಆಸ್ಪತ್ರೆಯ ಹಾಜರಿ ಪುಸ್ತಕಕ್ಕಾಗಿ ಕಲಿತದ್ದಂತೆ. ಹಿರಿಯರಿಬ್ಬರಲ್ಲಿ ಒಬ್ಬರು ಹೆಬ್ಬೆಟ್ಟು ಒತ್ತಿದರು. ಇನ್ನೊಬ್ಬರು ಒತ್ತಲಿಲ್ಲ. ಅವರ ಮಗ ಗೌಡರ ಮನೆಯಲ್ಲಿ ಜೀತಕ್ಕಿದ್ದ, ಒತ್ತಾಯ ಮಾಡುವ ಮುಖ ನನಗಿರಲಿಲ್ಲ.

ಮ್ಯಾನೇಜರು ಎರಡು ಸಲ ಓದಿದರು. ಬಾಗಿಲು ಮುಚ್ಚಿಸಿ, ‘ಇದನ್ನು ಕಳಿಸಿದರೆ ಮೊದಲು ಸಿಕ್ಕಿಹಾಕಿಕೊಳ್ಳೋದು ನೀವು. ಹಿಂದಿನ ವರದಿ ಸುಳ್ಳು ಅಂತ ನೀವೇ ಬರೆದುಕೊಟ್ಟಿದ್ದೀರಿ’ ಎಂದರು. ಬೇಕಾದರೆ ಜಾಗ ಸಾಕು ಎಂದಷ್ಟೇ ಇನ್ನೊಂದು ಬರೆದುಕೊಡಿ, ಇದನ್ನು ಹರಿದು ಹಾಕೋಣ ಎಂದರು. ಅವರು ನನ್ನ ಒಳ್ಳೆಯದಕ್ಕೇ ಹೇಳಿದರು. ಕಳಿಸಿಬಿಡಿ ಸಾರ್ ಎಂದೆ. ಧೈರ್ಯದಿಂದ ಹೇಳಿದೆನೆಂದು ಹೇಳಿಕೊಳ್ಳಲಾರೆ. ಅವಳ ಹೆಸರು ಆ ಕಾಗದದ ಮೇಲೆ ಬಿದ್ದಾಗಿತ್ತು, ಹರಿಯುವುದು ನನ್ನ ಕೈಯಲ್ಲಿ ಉಳಿದಿರಲಿಲ್ಲ.

ಮುಂದಿನ ಮೂರು ತಿಂಗಳು ಕಾಗದಗಳು ಓಡಾಡಿದವು. ನನಗೆ ಮೆಮೊ ಬಂತು. ತಪ್ಪು ವರದಿ ಕೊಟ್ಟದ್ದಕ್ಕೆ ಸಮಜಾಯಿಷಿ ಕೇಳಿದರು, ಕೊಟ್ಟೆ. ಕ್ಯಾಂಟೀನಿನಲ್ಲಿ ನಾನು ಬಂದರೆ ಮಾತು ನಿಲ್ಲುತ್ತಿತ್ತು. ಜೊತೆಯವರು ಕೆಲವರು ಎಷ್ಟೋ ವರ್ಷದ ಮೇಲೆ ಮೊದಲ ಬಾರಿ ನನ್ನ ಕಪ್ಪಿನ ಕಡೆ ನೋಡತೊಡಗಿದರು. ಡ್ರೈವರ್ ಮಾತ್ರ ದಿನಾ ನನ್ನ ಎದುರಿಗೇ ಬಂದು ಕೂತು ತಮ್ಮ ಡಬ್ಬಿ ಬಿಚ್ಚುತ್ತಿದ್ದರು. ಕಡೆಗೆ ಎಚ್ಚರಿಕೆ ಕೊಟ್ಟು, ನನ್ನನ್ನು ಸರ್ವೆಯಿಂದ ತೆಗೆದು ಟಿಕೆಟ್ ತಪಾಸಣೆಗೆ ಹಾಕಿದರು. ಅದರಲ್ಲಿ ತಪ್ಪೇನೂ ಇಲ್ಲ. ನಾನು ಸುಳ್ಳು ಬರೆದದ್ದು ನಿಜ.

ಬಸ್ಸಿನ ಬಗ್ಗೆ ಆದ ಆದೇಶ ಹೀಗಿತ್ತು. ಮುಖ್ಯ ನಿಲುಗಡೆ ಚಾವಡಿಯ ಮುಂದೆ. ಶಾಲೆಯ ಹತ್ತಿರ ಕೋರಿಕೆಯ ನಿಲುಗಡೆ: ಊರೊಳಗೆ ಹೋಗುವಾಗ ಇಳಿಯುವವರಿದ್ದರೆ, ತಿರುಗಿ ಬರುವಾಗ ಕೈ ಮಾಡುವವರಿದ್ದರೆ ಬಸ್ಸು ನಿಲ್ಲತಕ್ಕದ್ದು. ಸಾಮಾಜಿಕ ವಿಷಯಗಳು ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ. ಗೋಡೆಯನ್ನು ಊರವರು ಸ್ವಇಚ್ಛೆಯಿಂದ ತೆಗೆದಿರುವುದರಿಂದ ಪರಿಹಾರದ ಪ್ರಶ್ನೆ ಉದ್ಭವಿಸುವುದಿಲ್ಲ.

ಆಯಾಳಿಗೆ ಆ ಊರಿನಲ್ಲಿ ಏನೇನಾಯಿತೆಂದು ಪೂರ್ತಿ ನನಗೆ ಗೊತ್ತಿಲ್ಲ. ಅವಳ ಗಂಡನನ್ನು ಆ ವರ್ಷ ಯಾರೂ ಹೊಲದ ಕೆಲಸಕ್ಕೆ ಕರೆಯಲಿಲ್ಲ, ಅವನೂ ಶಕ್ತಿನಗರಕ್ಕೆ ಹೋದ ಎಂದು ಡ್ರೈವರ್ ಎಲ್ಲಿಂದಲೋ ತಿಳಿದು ಹೇಳಿದರು.

ಮರುವರ್ಷ ಒಂದು ಬೆಳಿಗ್ಗೆ, ತಪಾಸಣೆಗೆಂದು ಅದೇ ಕ್ರಾಸಿನಲ್ಲಿ ನಿಂತು ಆ ಬಸ್ಸನ್ನು ಹತ್ತಿದೆ. ಸೀಟುಗಳೆಲ್ಲ ಚಾವಡಿಯಲ್ಲೇ ತುಂಬಿ ಬಂದಿದ್ದವು. ಶಾಲೆಯ ಹತ್ತಿರ ಹತ್ತಿದವರೆಲ್ಲ ಸರಳು ಹಿಡಿದು ನಿಂತಿದ್ದರು. ಅವರ ನಡುವೆ ಆಯಾ. ಕೆಲಸ ನನ್ನದು, ಟಿಕೆಟ್ ಕೇಳಿದೆ. ಕೊಟ್ಟಳು. ನೋಡಿ ತಿರುಗಿ ಕೊಟ್ಟು, ಹೇಗಿದ್ದೀರವ್ವಾ ಎಂದೆ.

‘ಅದೀವ್ರಿ’ ಎಂದಳು. ‘ಬಸ್ಸು ನಿಂದ್ರತದ. ದಿನಾ ಮನಿಗೆ ಹೋಗ್ತೀನಿ ಈಗ. ಸಣ್ಣಾಕಿ ನನ್ನ ಮಗ್ಗಲದಾಗೇ ಮಕ್ಕೋತಾಳ.’ ಸರಳು ಹಿಡಿದ ಕೈ ಬದಲಿಸಿ, ‘ಮಾನ್ವಿ ತನಕಾ ನಿಂತ್ರ ಕಾಲು ನೋಯ್ತಾವ, ಅಷ್ಟ’ ಎಂದಳು. ಅವಳಿಗೆ ಸೀಟು ಬಿಡಿಸಿಕೊಡುವ ಅಧಿಕಾರ ನನಗಿರಲಿಲ್ಲ. ಸಿರವಾರದಲ್ಲಿ ಇಳಿದುಕೊಂಡೆ.

ಅದಾದ ಮೇಲೆ ಎರಡು ಸಲ ಆ ಬಸ್ಸಿನಲ್ಲಿ ಊರೊಳಗಿನವರೆಗೂ ಹೋಗಿದ್ದೇನೆ. ಎರಡು ಸಲವೂ ಕುರಿಗಾರನನ್ನು ಕಂಡು, ಅವನು ಕೇಳಿದ್ದಕ್ಕೆ ಉತ್ತರ ಹೇಳಿಬರಬೇಕೆಂದೇ ಹೊರಟವನು. ಆದೇಶ ಬಂದ ದಿನ ಒಂದು ಕಾಗದ ಬರೆಯಲು ಕೂತಿದ್ದೆ, ಆದರೆ ಅವನಿಗೆ ಓದಿ ಹೇಳುವವರು ಮತ್ತೆ ಚಾವಡಿಯವರೇ ಎಂದು ಬಿಟ್ಟುಬಿಟ್ಟೆ. ಎರಡನೇ ಸಲ ಹೋದಾಗ ಬಸ್ಸು ಓಣಿ ದಾಟಿ ಅಂಗಳಕ್ಕೆ ಬಂತು. ದೊಡ್ಡಿ ಇದ್ದ ಮೂಲೆಯ ಮೇಲೆ ಗಾಲಿ ಹಾಯಿಸಿ, ಒಂದೇ ಸುತ್ತಿನಲ್ಲಿ ತಿರುಗಿ ನಿಂತಿತು. ಜನ ಇಳಿದರು, ಜನ ಹತ್ತಿದರು. ಕುರಿಗಾರನ ಮುಳ್ಳುಬೇಲಿ ಇದ್ದ ಹಳ್ಳದ ದಿಬ್ಬ ಕಿಟಕಿಯಿಂದ ಕಾಣುತ್ತಿತ್ತು. ಇಳಿಯುತ್ತೀರೇನು ಎಂದು ಕಂಡಕ್ಟರ್ ಕೇಳಿದ. ಇಲ್ಲ ಎಂದೆ.